ನೀರಿಗೆ ಬಂದ ರಕ್ತದ ಕ್ಯಾನ್ಸರ್

ಲ್ಯಾಬಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಜರಡಿಯಕ್ಕ ಅಂತಲೇ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಮುಗಿದು, ಮೈಕ್ರೋಸ್ಕೋಪು ಕೂಡ ‘ಎಲ್ಲ ಕ್ಲೀನು’ ಎಂದು ಕೈತೊಳೆದುಕೊಂಡ ಮೇಲೆ ಇವಳ ಪಾಳಿ. ಲಕ್ಷ ಜೀವಕೋಶಗಳ ಸಂತೆಯಲ್ಲಿ ತಲೆಮರೆಸಿಕೊಂಡ ಒಂದೇ ಒಂದು ಕ್ಯಾನ್ಸರ್ ಕೋಶದ ಜುಟ್ಟು ಹಿಡಿದು ಎಳೆತರುವುದು! ಮನೆಯಲ್ಲೂ ಅದೇ ಗೀಳು. ತೊಳೆದ ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಸೊಸೆಯನ್ನು ಕಂಡು ಅತ್ತೆ, “ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ. ಇವಳಿಗೆ ಕಲ್ಲು ಸಿಗದಿದ್ರೆ ಮೊಸರಿನ ಮೇಲೇ ಅನುಮಾನ!” ಅನ್ನುತ್ತಿದ್ದರು.

ಆವತ್ತು ಹೊರಗಿನ ಬೆಂಚಿನಲ್ಲಿ ಬಸ್ ಡ್ರೈವರ್ ಒಬ್ಬ ಕೂತಿದ್ದ. ಮಗಳ ಮೂಳೆಮಜ್ಜೆಯಲ್ಲಿ ಕ್ಯಾನ್ಸರ್ ಚೂರೂ ಉಳಿದಿಲ್ಲವಾದರೆ ಅವಳು ಮನೆಗೆ. ಉಳಿದಿದ್ದರೆ ಇನ್ನೊಂದು ಸುತ್ತು, ಹಿಂದಿನದಕ್ಕಿಂತ ಘೋರ.

ಪ್ರತಿ ಸಲವೂ ಮೆಷಿನ್ನಿಗೆ ಒಂದು ಟ್ಯೂಬು ಬರೀ ನೀರು ಇಡುತ್ತಾರೆ, ಮೆಷಿನ್ನು ಸುಳ್ಳು ಹೇಳದಿರಲಿ ಎಂದು. ಕ್ಯಾನ್ಸರ್ ಚೂರು ಸಿಕ್ಕರಷ್ಟೇ ಪರದೆಯ ಮೇಲೆ ಗೆರೆ ಏಳುವುದು; ನೀರಿನ ಗೆರೆ ಶವಾಸನದಲ್ಲಿ ಮಲಗಿರಬೇಕು. ಆವತ್ತು ಹೆಡೆ ಎತ್ತಿತ್ತು! ಪಕ್ಕದಲ್ಲೇ ಮಗುವಿನ ಗೆರೆಯೂ.

ಜರಡಿಯಕ್ಕ ಹೊರಗೆ ಬಂದಳು. “ರಿಪೋರ್ಟ್ ಇವತ್ತು ಆಗಲ್ಲಣ್ಣ.”

“ಯಾಕಮ್ಮ? ಮಗಳಿಗೆ ಮತ್ತೆ...”

“ಮಗಳದ್ದು ಗೊತ್ತಾಗ್ತಿಲ್ಲ. ನೀರಿಗೆ ಬಂದಿದೆ.”

“ಏನು ಬಂದಿದೆ?”

“ಕ್ಯಾನ್ಸರ್.”

ಡ್ರೈವರ್ ಗಂಟಲು ಮುಟ್ಟಿಕೊಂಡ. “ಯಾವ ನೀರಿಗೆ? ಈಗ್ತಾನೆ ನಿಮ್ಮ ನಲ್ಲೀಲಿ ಕುಡಿದೆ!”

“ಅಯ್ಯೋ, ಆ ನೀರಲ್ಲ. ಬೇರೆ ಯಾರದೋ ಟೆಸ್ಟಿನ ಚೂರು ನಮ್ಮ ಟ್ಯೂಬಿಗೆ ಹಾರಿದೆ. ಅದು ಎಲ್ಲಿಂದ ಬಂತು ಅಂತ ಗೊತ್ತಾಗೋವರೆಗೂ ನಿಮ್ಮ ಮಗಳ ಮೇಲೆ ಅಪವಾದ ಹೊರಿಸಲ್ಲ.”

ಒಳಗೆ ಚೀಫ್ ಡಾಕ್ಟರು ಗೊಣಗಿದರು. “ನೀರು ತಾನೆ, ಬಿಟ್ಟಾಕಮ್ಮ. ಮಗುವಿನ ಗೆರೆ ಎದ್ದಿದೆ, ಪಾಸಿಟಿವ್ ಅಂತ ಬರಿ.”

“ಬರೀತೀನಿ ಸಾರ್. ನೀವು ನೀರಿಗೂ ಕೀಮೋ ಬರೆದುಕೊಡಿ.”

ಜರಡಿಯಕ್ಕ ಹತ್ತಿಯ ಕಡ್ಡಿ ಹಿಡಿದು ಹೊರಟಳು. ಬಾಗಿಲ ಹಿಡಿ, ಫ್ರಿಜ್ಜು, ಪೆನ್ನು, ಕೊನೆಗೆ ಚೀಫ್ ಅವರ ಕನ್ನಡಕ, ಎಲ್ಲವನ್ನೂ ಒರೆಸಿ ಎಲ್ಲಕ್ಕೂ ಟೆಸ್ಟು! ಮರುದಿನ ಎಲ್ಲವೂ ನಿರ್ದೋಷಿ, ಒಂದನ್ನು ಬಿಟ್ಟು. ಚೀಫ್ ಅವರ ಗಾಲಿ ಹಚ್ಚಿದ ಮೆತ್ತನೆಯ ಆಫೀಸು ಕುರ್ಚಿಗೆ ಅಪ್ಪಟ ರಕ್ತದ ಕ್ಯಾನ್ಸರ್!

ಟ್ಯೂಬು ತುಂಬುವ ಕ್ಲೀನ್ ರೂಮಿನಿಂದ ಮೆಷಿನ್ ರೂಮಿಗೆ ಹೋದದ್ದು ವಾಪಸು ಬರಕೂಡದು. ಅದು ಲ್ಯಾಬಿನ ಲಕ್ಷ್ಮಣರೇಖೆ. ಪತ್ತೆಗೆಂದು ಮೆಷಿನ್ ಕೋಟಿಗಟ್ಟಲೆ ನಕಲು ಮಾಡಿದ ಕ್ಯಾನ್ಸರ್ ಜೀನಿನ ಚೂರುಗಳು ಅಲ್ಲಿ ಧೂಳಿನಂತೆ ಕೂತಿರುತ್ತವೆ. ಸಾಹೇಬರು ಮಾತ್ರ ದಿನಾ ಮಧ್ಯಾಹ್ನ ಮೆಷಿನ್ ರೂಮಿನಿಂದ ಆ ಕುರ್ಚಿಯನ್ನು ತಳ್ಳಿಕೊಂಡು ಬಂದು ಕ್ಲೀನ್ ರೂಮಿನ ತಂಪಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

“ನನ್ನ ಬೆನ್ನುನೋವಿಗೆ ಅದೊಂದೇ ಆಸರೆ ಕಣಮ್ಮ.”

“ಬೆನ್ನು ನಿಮ್ದು, ಮೂಳೆ ಆ ಮಗೂದು ಸಾರ್.”

ಕುರ್ಚಿಗೆ ಕಾರಿಡಾರಿಗೆ ಗಡೀಪಾರು. ಅದರಿಂದ ಮಾರು ದೂರ ಓಡಾಡತೊಡಗಿದ ವಾಚ್‌ಮನ್, “ಅಂಟುತ್ತಾ ಮೇಡಂ?” ಅಂತ ಬೇರೆ ಕೇಳಿದ. ಇತ್ತ ರೂಮನ್ನೆಲ್ಲ ಉಜ್ಜಿ, ಹೊಸ ನೀರಿಟ್ಟು, ಎತ್ತಿಟ್ಟಿದ್ದ ಮಗುವಿನ ಮಜ್ಜೆಯನ್ನು ಜರಡಿಯಕ್ಕ ಮೊದಲಿನಿಂದ ಮತ್ತೆ ಶೋಧಿಸಿದಳು.

ವಾಚ್‌ಮನ್ ಬಾಯಲ್ಲಿ ಕುರ್ಚಿಯ ಕತೆ ಕೇಳಿಕೊಂಡೇ ಡ್ರೈವರ್ ಬಂದ. ಮಗಳ ಮಾತೆತ್ತಲು ಧೈರ್ಯ ಸಾಲಲಿಲ್ಲ. “ಮೊದಲು... ನೀರು ಹೇಗಿದೆ ಹೇಳಮ್ಮ.”

“ಗುಂಡುಕಲ್ಲಿನ ಹಾಗಿದೆ.”

“ಕುರ್ಚಿ?”

“ಅದು ಕಷ್ಟ.”

“ನಮ್ಮ ಪುಟ್ಟಿ?”

“ಇಡೀ ಜರಡಿ ಹಿಡಿದೆ ಅಣ್ಣ. ಒಂದೂ ಕಾಣಲಿಲ್ಲ.”

ಡ್ರೈವರ್‌ ಹಿಂದೆ ಸಿಕ್ಕಿದ್ದರ ಮೇಲೆ ದೊಪ್ಪನೆ ಕುಸಿದ. ವಾಚ್‌ಮನ್ ಕಿರುಚಿದ, “ಏಳಿ, ಏಳಿ, ಅದೇ ಕುರ್ಚಿ!”

“ಪಾಪ, ಇರಲಿ ಬಿಡಪ್ಪ,” ಎಂದ ಡ್ರೈವರ್, ಕುರ್ಚಿಯ ತೋಳು ಸವರುತ್ತ. “ಇದಕ್ಕೂ ಯಾರಾದ್ರೂ ಜೊತೇಲಿ ಕೂರಬೇಕಲ್ಲ.”