ಓವರ್‌ಟೇಕ್ ಮಾಡದ ಮಿಲಿಟರಿಯವರು

ಮೊನ್ನೆ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನಮ್ಮ ಮುಂದಿದ್ದ ಲಾರಿಯ ಕ್ಲಚ್ ಸುಟ್ಟ ವಾಸನೆ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ತನ್ನ ಕಡೆಯ ಗಾಜು ಏರಿಸಿದಳು. ನಾನು ನನ್ನ ಕಡೆಯದನ್ನು ಇಳಿಸಿದೆ. "ನಿಮಗೇನು ತಲೆ ಕೆಟ್ಟೈತಾ?" ಎಂದಳು. ಕೆಟ್ಟಿರಲಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿದ್ದ ಮಿಲಿಟರಿಯವರು ನೆನಪಾಗಿದ್ದರು...

ಚಂದಾಪುರದ ಹತ್ತಿರ ನಮ್ಮದು ರಾಗಿ ಹೊಲ. ಸುತ್ತ ಕಾರ್ಖಾನೆಗಳು ಬಂದ ಮೇಲೆ ನಾವು ರಾಗಿ ಬಿಟ್ಟು ಬಾಡಿಗೆ ಬೆಳೆಯತೊಡಗಿದೆವು. ಸಾಲುಮನೆಗಳ ಕೊನೆಯ ಮನೆಗೆ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಬಂದರು. ಆಕೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಆತ ಸೈನ್ಯದಲ್ಲಿ ಟ್ರಕ್ ಓಡಿಸಿ ನಿವೃತ್ತರಾದವರು. ಒಮ್ಮೆ ಹಿಮದ ಬೆಟ್ಟದ ದಾರಿಯಲ್ಲಿ ಟ್ರಕ್ಕುಗಳು ಸಾಲಾಗಿ, ಕಾನ್ವಾಯ್ ಎನ್ನುತ್ತಾರಲ್ಲ ಹಾಗೆ, ಹೋಗುವಾಗ ಮುಂದಿದ್ದ ಗಾಡಿ ಗೆಳೆಯನ ಸಮೇತ ಇವರ ಕಣ್ಣೆದುರೇ ಕಣಿವೆಗೆ ಜಾರಿತ್ತಂತೆ. ಇದನ್ನು ಹೇಳಿದ್ದು ಆಕೆ, ಅವರಲ್ಲ.

ಇಲ್ಲಿ ಬಂದು ಒಂದು ಕಂಪನಿಯ ಬಸ್ ಓಡಿಸಲು ಸೇರಿದರು. ಒಂದು ದಿನ ಮುಂದಿನ ಗಾಡಿ ತಿರುವಿನಲ್ಲಿ ಮರೆಯಾಗಿದ್ದೇ ತಡ, ರಸ್ತೆ ಮಧ್ಯೆ ಬಸ್ ನಿಲ್ಲಿಸಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕೂತುಬಿಟ್ಟರಂತೆ. ಕೆಲಸ ಹೋಯಿತು. ಆಮೇಲೆ ಜಗಲಿಯ ಮೇಲೆಯೇ ಅವರ ದಿನ ಕಳೆಯುತ್ತಿತ್ತು. ಗಾಡಿ ಓಡಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ ಗಾಡಿ ಮುಟ್ಟಲು ಹೆದರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಆ ಹೊತ್ತಿಗೆ ನಿವೃತ್ತ ಮೇಜರ್ ಒಬ್ಬರು ನಮ್ಮ ಬೀಳು ಹೊಲ ಕೇಳಿಕೊಂಡು ಬಂದರು. ಅವರಿಗೆ ಕಾರ್ ರೇಸಿನ ಹುಚ್ಚು. ಸೈನ್ಯದಿಂದ ಬಂದು ನಿದ್ದೆ ನೆಮ್ಮದಿ ಕಳೆದುಕೊಂಡವರನ್ನೆಲ್ಲ ಸೇರಿಸಿ, ಭಾನುವಾರ ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಹಳೇ ಜಿಪ್ಸಿ ಜೀಪುಗಳ ರೇಸ್ ಓಡಿಸಬೇಕೆಂದು ಅವರ ಆಸೆ. ಬಾಡಿಗೆ ಮಾತಾಡಲು ಬಾಯಿ ತೆರೆದವನು ಅವರ ಮೀಸೆ ನೋಡಿ ಮುಚ್ಚಿಕೊಂಡೆ. "ನಮ್ ಮನೇಲೂ ಒಬ್ರವ್ರೆ ಸಾರ್, ಕರ್ಕೊಂಡ್ ಬರ್ಲಾ?" ಎಂದಷ್ಟೇ ಕೇಳಿದೆ.

ಮೊದಮೊದಲು ಮಿಲಿಟರಿಯವರು ಗಾಡಿ ತೊಳೆದರು. ಆಮೇಲೆ ಯಾರದೋ ಪಕ್ಕದಲ್ಲಿ ಕೂತು ಸುತ್ತು ಹಾಕಿದರು. ಕೊನೆಗೊಂದು ಭಾನುವಾರ ತಾವೇ ಸ್ಟೀರಿಂಗ್ ಹಿಡಿದಾಗ ನಾನು ಕುಣಿದಾಡುವುದೊಂದೇ ಬಾಕಿ.

ಆದರೆ ರೇಸ್ ಅಂದಮೇಲೆ ಮುಂದಿನವನನ್ನು ಹಿಂದೆ ಹಾಕಬೇಕಲ್ಲ? ಇವರು ಹಾಕುತ್ತಲೇ ಇರಲಿಲ್ಲ. ಮುಂದಿನ ಗಾಡಿ ಜೋರಾದರೆ ಇವರದೂ ಜೋರು, ಅದು ನಿಧಾನವಾದರೆ ಇವರದೂ ನಿಧಾನ. ನಡುವಿನ ಅಂತರ ಮಾತ್ರ ಅಳೆದಿಟ್ಟಂತೆ. "ನುಗ್ಗಿ ಮಿಲ್ಟ್ರಿಯವ್ರೇ, ಜಾಗ ಐತೆ!" ಎಂದು ಬೇಲಿ ಪಕ್ಕ ನಿಂತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

"ಕಾನ್ವಾಯ್‌ನ್ಯಾಗ ಮುಂದಿನ ಗಾಡಿ ದಾಟಬಾರ್ದ್ರೀ ಗೌಡ್ರ. ಮುಂದಿನಾಂವ ಕೈ ಬೀಸಿ ಹೋಗು ಅಂದ್ರ ಮಾತ್ರ ಹೋಗಬೇಕು," ಎಂದರು ಮಿಲಿಟರಿಯವರು, ಗಾಡಿ ಇಳಿದ ಮೇಲೆ.

"ಇದು ಕಾನ್ವಾಯ್ ಅಲ್ಲ, ರೇಸು ಕಣ್ರೀ!" ಎಂದೆ. ತಲೆ ತಗ್ಗಿಸಿ ಹೆಲ್ಮೆಟ್ಟಿನ ಧೂಳು ಒರೆಸತೊಡಗಿದರು. ನನಗೇ ಪಿಚ್ಚೆನಿಸಿತು.

ಮೇಜರ್‌ಗೆ ವಿಷಯ ಹೇಳಿದೆ. ಅವರು ನಗಲಿಲ್ಲ. ಮುಂದಿನ ಭಾನುವಾರ ತಾವೇ ಮುಂದಿನ ಜಿಪ್ಸಿ ಹತ್ತಿದರು. ನಾನು ಹೆಲ್ಮೆಟ್ ಹಾಕಿಕೊಂಡು ಮಿಲಿಟರಿಯವರ ಪಕ್ಕ ಕೂತೆ. ಅವರಿಗೆ ಧೈರ್ಯ ತುಂಬಲು ಅಂತ ಹೇಳಿಕೊಂಡಿದ್ದೆ, ನಿಜವಾಗಿ ತುಂಬಬೇಕಾಗಿದ್ದದ್ದು ನನಗೇ. ಒಳಗೆಲ್ಲ ಕೆಮ್ಮಣ್ಣಿನ ಧೂಳು, ಕ್ಲಚ್ ಸುಟ್ಟ ವಾಸನೆ... ಕೊನೆಯ ಸುತ್ತಿನಲ್ಲಿ ಮೇಜರ್ ವೇಗ ಇಳಿಸಿ, ಪಕ್ಕಕ್ಕೆ ಸರಿದು, ಕಿಟಕಿಯಿಂದ ಕೈ ಹೊರಹಾಕಿ ಬೀಸಿದರು. ಹೋಗು, ಮುಂದೆ ಹೋಗು...

ಇವರು ಗೇರ್ ಬದಲಿಸಿದರು. ನಾನು ಕಣ್ಣು ಮುಚ್ಚಿ ನಮ್ಮೂರ ಮಾರಮ್ಮನನ್ನು ನೆನೆದೆ. ಎಂಜಿನ್ ಅರಚಿತು. ಕಣ್ಣು ಬಿಟ್ಟಾಗ ನಮ್ಮ ಮುಂದೆ ಯಾವ ಗಾಡಿಯೂ ಇರಲಿಲ್ಲ. ಅವರು ಕನ್ನಡಿಯನ್ನೇ ನೋಡುತ್ತಿದ್ದರು.

ಇಳಿದ ಮೇಲೆ ನನ್ನ ಭುಜ ಹಿಡಿದುಕೊಂಡು, "ಹಿಂದ ನೋಡಿದೆ ಗೌಡ್ರ. ಗಾಡಿ ಬರಾಕತ್ತಿತ್ರೀ. ಸಾಹೇಬ್ರು ಇದ್ರು," ಎಂದರು. ಧೂಳು ಮೆತ್ತಿದ ಮುಖದ ಮೇಲೆ ಕಣ್ಣೀರು, ಬಾಯಲ್ಲಿ ನಗು.

ಆಮೇಲೆ ಅವರಿಗೆ ಸ್ಕೂಲ್ ವ್ಯಾನಿನ ಕೆಲಸ ಸಿಕ್ಕಿತು. ನನ್ನ ಮಗಳೂ ಅದರಲ್ಲೇ ಶಾಲೆಗೆ ಹೋಗುತ್ತಿದ್ದಳು. "ಅಂಕಲ್ ಸೈಕಲ್‌ನೂ ಓವರ್‌ಟೇಕ್ ಮಾಡಲ್ಲಪ್ಪ," ಎಂದು ದಿನಾ ದೂರು. ಮಕ್ಕಳು ಕೂತಿದ್ದಾಗ ಅವರಿಗೆ ಅವಸರವೇ ಇರಲಿಲ್ಲ. ಸಂಜೆ ಗಂಡ ಹೆಂಡತಿ ಜಗಲಿಯ ಮೇಲೆ ಚಹಾ ಕುಡಿಯುತ್ತ ನಗುವುದು ನಮ್ಮ ಮನೆಗೂ ಕೇಳುತ್ತಿತ್ತು. ಒಳ್ಳೆಯ ವರ್ಷಗಳವು. ನಂತರ ಊರಿಗೆ ಮರಳಿದರು. ಹೊಲ ಲೇಔಟ್ ಆಯಿತು. ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಮೊನ್ನೆ ಟ್ರಾಫಿಕ್ ದಾಟಿ ಮನೆಗೆ ಬಂದವನೇ ಆಕೆಗೆ ಫೋನ್ ಮಾಡಿದೆ. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಆದ ಮೇಲೆ ಆಕೆ ಕೇಳಿದರು: "ಅವತ್ತು ಗಾಡಿ ಇಳಿದು ನಿಮ್ಮ ಮುಂದ ಏನೋ ಅಂದಿದ್ರಂತಲ್ರೀ ಅಣ್ಣಾರ? ನಾ ಎಷ್ಟ್ ಕೇಳಿದ್ರೂ ಹೇಳ್ಲಿಲ್ಲ ನೋಡ್ರಿ, ಬರೇ ನಗ್ತಿದ್ರು."

ಅವರು ಅಂದದ್ದನ್ನು ಹಾಗೇ ಹೇಳಿದೆ.

"ಇನ್ನೊಮ್ಮೆ ಹೇಳ್ರಿ," ಎಂದರು.

ಇನ್ನೊಮ್ಮೆ ಹೇಳಿದೆ.