ಟವೆಲ್ ಕೆಳಗೆ ಒತ್ತಿದ ಕೈ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಸುಂಡಿಯಲ್ಲಿ ಇವತ್ತು ನನ್ನದೆಂದು ಇರುವ ಹೊಲ, ಮನೆ ಎಲ್ಲ ಈ ಎರಡು ಕೈಗಳ ಗಳಿಕೆ. ಹಾಗಾಗಿ ಕೈಯ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಿದರೆ ಸಿಟ್ಟು ಬರುತ್ತದೆ.

ಹೋದ ವರ್ಷ ದವಡೆ ಹಲ್ಲು ಕಾಡತೊಡಗಿದಾಗ ಬುದ್ಧಿ ಹೇಳಿದವಳು ಹೆಂಡತಿ. ಮೊಣಕಾಲು ನೋವಿಗೆಂದು ಗದಗಿನಲ್ಲಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ನವರ ಹತ್ತಿರ ಹೋಗುತ್ತಿದ್ದವಳು ಅಲ್ಲಿಂದ ಒಂದು ವಿದ್ಯೆ ಕಲಿತು ಬಂದಿದ್ದಳು. ಹೆಬ್ಬೆರಳು, ತೋರುಬೆರಳು ಕೂಡುವಲ್ಲಿ ಉಬ್ಬುವ ಮಾಂಸವನ್ನು ಒತ್ತಿ ಹಿಡಿದರೆ ಹಲ್ಲುನೋವು, ತಲೆನೋವು ಇಳಿಯುತ್ತದಂತೆ. ಚೀನಾದವರು ಹಿಂದಿನಿಂದಲೂ ಹೀಗೇ ಮಾಡುತ್ತಾರಂತೆ. ಬಸುರಿಯರಿಗೆ ಮಾತ್ರ ಒತ್ತಬಾರದಂತೆ. ನಾನೇನು ಬಸುರಿ ಅಲ್ಲವಲ್ಲ ಎಂದು ಕೈ ಚಾಚಿದೆ. ಹಲ್ಲಿಗಿಂತ ಕೈಯೇ ಹೆಚ್ಚು ನೋಯಿತು. ಆದರೂ ಹಲ್ಲು ತುಸು ಸುಮ್ಮನಾಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಆ ಹಲ್ಲನ್ನು ಕಟ್ಟಿಕೊಂಡೇ ಲಕ್ಷ್ಮೇಶ್ವರದ ದನದ ಸಂತೆಗೆ ಹೋದೆ. ನನ್ನ ಜೋಡಿಯಲ್ಲಿ ಒಂದು ಎತ್ತಿಗೆ ವಯಸ್ಸಾಗಿ, ಬೆಳೆಯ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯುವ ಕೆಲಸ ನಿಂತಿತ್ತು. ಅಲ್ಲೊಂದು ಬಿಳಿ ಎತ್ತು ನನ್ನ ಇನ್ನೊಂದು ಎತ್ತಿನ ಒಡಹುಟ್ಟಿನಂತಿತ್ತು: ಅದೇ ಎತ್ತರ, ಅದೇ ಕೋಡು. ಅದರ ಯಜಮಾನ ಮುಳಗುಂದದವನು, ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ. ಶಿರಹಟ್ಟಿಯವನೊಬ್ಬ ನನ್ನ ಬೆನ್ನಿಗೇ ಕಾಯುತ್ತಿದ್ದ. ಕೈ ಬಿಟ್ಟರೆ ಎತ್ತು ಅವನ ಪಾಲು.

ನಮ್ಮಲ್ಲಿ ದನದ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತೇವೆ; ಬೆರಳು ಕಡಿಮೆಯಾದಷ್ಟು ದರ ಕಡಿಮೆ. ಆತ ತನ್ನ ದರ ಹಿಡಿದ, ನಾನು ಒಂದು ಬೆರಳು ಬಿಟ್ಟು ಹಿಡಿದೆ. ಅಷ್ಟರಲ್ಲಿ ಹಲ್ಲು ಕೆಂಡವಾಯಿತು. ಎಡಗೈಯನ್ನೂ ಟವೆಲ್ ಕೆಳಗೆ ತೂರಿಸಿ, ಹೆಬ್ಬೆರಳ ಬುಡ ಹುಡುಕಿ, ಕಣ್ಣು ಮುಚ್ಚಿ ಒತ್ತಿದೆ. ನೋವು ಇಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದೆ.

“ಯಜಮಾನ್ರ, ಇದು ಯಾವ ಊರಿನ ರೇಟ್ರಿ?” ಎಂದ ಆತ.

ಕಣ್ಣು ಬಿಟ್ಟೆ. ಒತ್ತಿದ್ದು ಆತನ ಕೈ. ಹಲ್ಲು ನೋಡಿ ಎತ್ತಿನ ವಯಸ್ಸು ತಿಳಿಯಲು ಬಂದವನು ನನ್ನ ಹಲ್ಲಿನ ಕಥೆ ಹೇಳುವುದೆ?

“ತಲಿನೋವಿಗೆ ಒತ್ತೂದ್ರಿ ಇದು. ನಿಮ್ಮ ಮಾರಿ ನೋಡಿ ಗೊತ್ತಾತು,” ಎಂದೆ.

ಆತ ಕೈಯನ್ನು ಇನ್ನಷ್ಟು ಮುಂದೆ ಚಾಚಿದ. “ಖರೇನ ಮುಂಜಾನಿಂದ ಹೊಡಿಯಾಕತ್ತೈತಿ. ಹಂಗ ಹಿಡೀರಿ, ಬಿಡಬ್ಯಾಡ್ರಿ.”

ಹಿಡಿದೆ. ಸುತ್ತ ಜನ ಕೂಡಿತು. ಇಷ್ಟು ಹೊತ್ತಿನ ವ್ಯಾಪಾರ ಈ ಸಂತೆಯಲ್ಲಿ ಕಂಡಿಲ್ಲ ಎಂದು ಮಾತಾಡಿಕೊಂಡರು. ಶಿರಹಟ್ಟಿಯವನು ಕಾದು ಬೇಸತ್ತು ಬೇರೆ ಎತ್ತಿನ ಕಡೆ ನಡೆದ. ಕೊನೆಗೆ ಯಜಮಾನನ ಹುಬ್ಬು ಸಡಿಲಾಯಿತು. ಎತ್ತು ನನಗೇ, ದರ ಮಾತ್ರ ತನ್ನದೇ ಎಂದ. ನಾನು ಟವೆಲ್ ತೆಗೆಯದೆ ಆತನ ಇನ್ನೊಂದು ಕೈ ಹಿಡಿದುಕೊಂಡೆ. ಅದನ್ನೂ ಒತ್ತಿ ಮುಗಿಸುವಷ್ಟರಲ್ಲಿ ಆತ ಒಂದು ಬೆರಳು ಇಳಿದಿದ್ದ.

ಟೆಂಪೋದಲ್ಲಿ ಎತ್ತು ಹಾಯಾಗಿ ನಿಂತು ಬಂತು. ನನ್ನ ಹಲ್ಲು ದಾರಿಯುದ್ದಕ್ಕೂ ಕುಣಿಯಿತು. ಒತ್ತಿಕೊಳ್ಳೋಣವೆಂದರೆ ಎರಡೂ ಹೆಬ್ಬೆರಳಲ್ಲಿ ಶಕ್ತಿ ಉಳಿದಿರಲಿಲ್ಲ.

ಹೆಂಡತಿ ಅಂಗಳಕ್ಕೆ ಬಂದು, “ಹಲ್ಲು ಹೆಂಗೈತ್ರಿ?” ಎಂದಳು.

“ಚಲೋ ಅದಾವ. ಇನ್ನೂ ಹರೇದ ಎತ್ತು.”

ಅವಳು ಎತ್ತಿನ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಊದಿದ ಕೆನ್ನೆಯನ್ನೇ ನೋಡುತ್ತ ನಿಂತಳು. ನಾನು ಕೈ ಚಾಚಿದೆ.