ಸಿಸ್ಟ್ರಮ್ಮನ ‘ಬನ್ನಿ’

ಅವರ ಎಡಗೈ ಹೆಬ್ಬೆರಳಿನ ಉಗುರು ಎಷ್ಟು ತೊಳೆದರೂ ಹಳದಿಯಾಗಿಯೇ ಇರುತ್ತಿತ್ತು. ಟಿಂಕ್ಚರ್ ಬಾಟಲಿಯ ಬಿರಡೆಯನ್ನು ಅದೇ ಬೆರಳಿನಿಂದ ಮೀಟಿ ತೆಗೆಯುವುದು ಅವರ ರೂಢಿ. ಜರ್ಮನಿಯಿಂದ ಬಂದು ಸರಗೂರಿನಲ್ಲಿ ಔಷಧಾಲಯ ನಡೆಸುತ್ತಿದ್ದ ನರ್ಸು ಅವರು. ಊರಿಗೆಲ್ಲ ಸಿಸ್ಟ್ರಮ್ಮ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ನಾನು ಅವರ ಸಹಾಯಕಿ.

ಅವರು ಕನ್ನಡ ಕಲಿತದ್ದು ಗಾಯ ಕಟ್ಟುತ್ತ, ಸಂತೆಯಲ್ಲಿ ಸೊಪ್ಪು ಕೊಳ್ಳುತ್ತ. “ನಿಮ್ದು ಇಸ್ತ್ರಿ ಮಾಡಿದ ಕನ್ನಡ ಕಣ್ರೀ. ಒಸಿ ಮಡಿಕೆ ಬಿಚ್ಚಿ, ಜನಕ್ಕೆ ಅರ್ಥವಾಗ್ಲಿ” ಎಂದು ನನ್ನನ್ನು ಛೇಡಿಸುತ್ತಿದ್ದರು.

ಬಾಗಿಲಿಗೆ ಸಾಹುಕಾರರು ಬರಲಿ, ಕಾಡಂಚಿನ ಹಾಡಿಗಳ ಬುಡಕಟ್ಟಿನವರು ಬರಲಿ, ಅವರು “ಬನ್ನಿ” ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಹಾಡಿಯ ನರೆತ ಮುದುಕರನ್ನೂ ಚಿಕ್ಕ ಮಕ್ಕಳು “ಏನ್ಲಾ” ಎನ್ನುತ್ತಿದ್ದ ಕಾಲ ಅದು.

ಔಷಧಾಲಯವಿದ್ದ ಮನೆ ನನ್ನ ದೊಡ್ಡಪ್ಪನದು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಇದ್ದದ್ದು ಅವರ ಆಶ್ರಯದಲ್ಲೇ. ಒಂದು ದಿನ ಅವರು ಮಂಡಿನೋವೆಂದು ಬಂದು ಕೂತಿದ್ದಾಗ, ಕರಡಿ ಪರಚಿದ ಭುಜ ಹಿಡಿದುಕೊಂಡು ಹಾಡಿಯ ಹಿರಿಯರೊಬ್ಬರು ಬಂದರು.

“ಬನ್ನಿ ಯಜಮಾನ್ರೇ, ಇಲ್ಲಿ ಕೂತ್ಕಳಿ” ಎಂದರು ಸಿಸ್ಟ್ರಮ್ಮ.

“ಏನ್ ಸಿಸ್ಟ್ರಮ್ಮ, ನಂಗೂ ಯಜಮಾನ್ರೇ, ಅವನ್ಗೂ ಯಜಮಾನ್ರೇ! ನಾಳೆ ನನ್ ಎತ್ಗೂ ಅಂಗೇ ಅಂತೀರೇನೋ” ಎಂದರು ದೊಡ್ಡಪ್ಪ.

“ಎತ್ಗೆ ಉಸಾರಿಲ್ದಿದ್ರೆ ಕರ್ಕಬನ್ನಿ ಯಜಮಾನ್ರೇ, ಅದ್ನೂ ಮರ್ವಾದೆಯಿಂದ್ಲೇ ಕರೀತೀನಿ.”

ಕಾದಿದ್ದವರೆಲ್ಲ ನಕ್ಕುಬಿಟ್ಟರು. ದೊಡ್ಡಪ್ಪ ಎದ್ದು ನಿಂತರು. “ಮನೆ ನಂದು. ಅವ್ನನ್ನ ಏನ್ಲಾ ಅಂತ ಕರೀರಿ, ಇಲ್ಲಾ ನಾಳೀಕೇ ಮನೆ ಬುಡಿ.”

“ಬುಡ್ತೀನಿ. ಈಗ ಒಸಿ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರಿ.”

ದೊಡ್ಡಪ್ಪ ನನ್ನ ಕಡೆ ತಿರುಗಿದರು. “ನೀನೂ ಮನ್ಗೆ ನಡಿಯವ್ವ. ನಾಳೆ ಈ ಯಮ್ಮನ ಹಿಂದೆ ಓದ್ರೆ, ತಿರ್ಗ ನನ್ ಬಾಗ್ಲು ತುಳೀಬ್ಯಾಡ.”

ಸಂಜೆ ಬಾಟಲಿಗಳಿಗೆ ಹುಲ್ಲು ಸುತ್ತುತ್ತ ನಾನು ಕೇಳಿದೆ: “ಒಂದು ಮಾತಲ್ಲವೇ? ಅದಕ್ಕಾಗಿ ಮನೆಯನ್ನೇ ಬಿಡಬೇಕೇ?”

ಅವರು ಕೆಲಸ ನಿಲ್ಲಿಸಲಿಲ್ಲ. “ನಮ್ ದೇಸ್ದಲ್ಲೂ ಮೊದ್ಲು ಬಂದದ್ದು ಮಾತೇ ಕಣ್ರೀ. ಯುದ್ಧದ ಕಾಲ್ದಲ್ಲಿ ನನ್ ವಾರ್ಡಲ್ಲಿ ಬುದ್ಧಿ ಸ್ವಾಧೀನ ಇಲ್ದ ರೋಗಿಗಳಿದ್ರು. ಸರ್ಕಾರದೋರು ಅವ್ರನ್ನ ‘ದಂಡಕ್ಕೆ ತಿನ್ನೋ ಬಾಯಿಗಳು’ ಅಂದ್ರು. ಡಾಕ್ಟ್ರೂ ಅಂದ್ರು. ನಾನೂ ಅಂದೆ. ಆಮೇಲೆ ಬಸ್ಸು ಬಂತು, ಕರ್ಕೊಂಡೋಯ್ತು. ಯಾರೂ ವಾಪಸ್ ಬರ್ನಿಲ್ಲ.”

ಇನ್ನೊಂದು ಬಾಟಲಿ ಕೈಗೆತ್ತಿಕೊಂಡು ಮುಂದುವರಿಸಿದರು. “ಈಗ ದೇಸ ಪೂರ್ವ, ಪಶ್ಚಿಮ ಅಂತ ಎರಡಾಗ್ಬುಟ್ಟದೆ. ಪೂರ್ವದೋರು, ಅದೆಲ್ಲಾ ನಮ್ ಪಶ್ಚಿಮದೋರು ಮಾಡಿದ್ದು ಅಂತಾರೆ. ನಮ್ ಕಡೆ ಆ ಮಾತೇ ಎತ್ತಂಗಿಲ್ಲ. ಊಟಕ್ಕೆ ಕೂತಾಗ ನಾನು ಎತ್ತಿದ್ರೆ, ನಮ್ಮಣ್ಣ ‘ಉಪ್ಪು ಕೊಡು’ ಅಂದ. ಅಷ್ಟೇ. ನಾನು ಹಡಗು ಹತ್ತಿದೆ.”

ಮುಂದೆ ಒಂದು ಹಂಚಿನ ಷೆಡ್ಡಿನಲ್ಲಿ ಔಷಧಾಲಯ ನಡೆಯಿತು. ಕಳೆದ ವರ್ಷ ಅವರು ಅಲ್ಲೇ ತೀರಿಕೊಂಡರು. ಬಿ.ಎ.ಯಲ್ಲಿ ನಾನು ಚರಿತ್ರೆ ಓದಿದ್ದೆ. ಅದು ನನ್ನ ಬಾಯಲ್ಲೂ ನಡೆಯುತ್ತಿರುತ್ತದೆ ಎಂದು ತಿಳಿದದ್ದು ಆ ಸಂಜೆ. ಆ ಋಣ ತೀರುವಂಥದ್ದಲ್ಲ.

ಆ ಸಂಜೆಯ ಮರುದಿನ ಬೆಳಿಗ್ಗೆ ಎರಡು ಸೀರೆ ಗಂಟು ಕಟ್ಟಿಕೊಂಡೆ. ಅಮ್ಮ ಅದರೊಳಗೆ ತನ್ನ ಕಂಬಳಿ ತುರುಕಿದಳು. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ನಮಸ್ಕರಿಸಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಬೀದಿಗಿಳಿದು, ಸಿಸ್ಟ್ರಮ್ಮ ಪೆಟ್ಟಿಗೆ ಇಳಿಸಿದ್ದ ಹುಣಸೆಮರದಡಿಗೆ ಹೋಗಿ, ಮೂರು ಕಲ್ಲು ಹೂಡಿ, ಗಾಯದ ಬಟ್ಟೆ ಕುದಿಸಲು ನೀರಿಟ್ಟೆ.